ಆಂಟಿಗೆ ಕೇಳದ ಪ್ರಶ್ನೆಗಳು

ವಸಂತಾಳ ಕೆಲಸ ಹೋದದ್ದು 2023ರ ಫೆಬ್ರವರಿ ಹದಿನಾಲ್ಕರಂದು, ಬೆಳಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ. ವೀಡಿಯೊ ಕರೆ ಏಳು ನಿಮಿಷದಲ್ಲಿ ಮುಗಿಯಿತು. ಮೊದಲ ಎರಡು ನಿಮಿಷ ಅವಳ ಮ್ಯಾನೇಜರ್ ಮಾತಾಡಿದ. ಉಳಿದದ್ದನ್ನು ಅವಳು ಹಿಂದೆಂದೂ ನೋಡಿರದ ಒಬ್ಬ ಹೆಂಗಸು ಕಾಗದ ನೋಡಿಕೊಂಡು ಓದಿದಳು. ಹತ್ತೂವರೆಗೆ ಲ್ಯಾಪ್‌ಟಾಪ್ ಒಳಗೆ ಬಿಡುವುದನ್ನು ನಿಲ್ಲಿಸಿತು. ಆಗ ಅವಳು ನಡೆಸುತ್ತಿದ್ದ ಪರೀಕ್ಷೆಯೊಂದು ಅರ್ಧಕ್ಕೆ ನಿಂತಿತ್ತು. ಅದರ ಉತ್ತರ ಏನು ಬಂದಿರಬಹುದು ಎಂದು ಅವಳು ಆ ಮಧ್ಯಾಹ್ನವೆಲ್ಲ ಯೋಚಿಸಿದಳು.

ಅಮೆರಿಕದ ಷಾರ್ಲೆಟ್‌ನ ಒಂದು ಬ್ಯಾಂಕಿನಲ್ಲಿ ಅವಳು ಹದಿನೈದು ವರ್ಷ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದಳು. ಬೇರೆಯವರು ಬರೆದ ಪ್ರೋಗ್ರಾಮು ಗ್ರಾಹಕರ ಕೈಗೆ ಹೋಗುವ ಮುಂಚೆ ಅದರ ತಪ್ಪು ಹುಡುಕುವುದು ಟೆಸ್ಟರ್ ಕೆಲಸ. ಅದಕ್ಕೂ ಹಿಂದೆ ಮೈಸೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಗಂಡನ ಜೊತೆ 1998ರಲ್ಲಿ ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷ ಅವಳ ವೀಸಾ ಕೆಲಸ ಮಾಡಲು ಬಿಡಲಿಲ್ಲ. ಗ್ರೀನ್ ಕಾರ್ಡ್ ಬಂದಾಗ ಅವಳಿಗೆ ನಲವತ್ತೊಂದು. ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ಟರ್ಮ್ ಓದಿ, ತನಗಿಂತ ಹದಿನೆಂಟು ವರ್ಷ ಚಿಕ್ಕವರ ಪಕ್ಕದಲ್ಲಿ ಕೂತು ಹೊಸದಾಗಿ ಶುರುಮಾಡಿದಳು.

ಪ್ರಯೋಗಶಾಲೆಯ ಅಭ್ಯಾಸವನ್ನು ಅವಳು ಬ್ಯಾಂಕಿಗೂ ತಂದಳು. ಪರೀಕ್ಷೆ ನಡೆಸುವ ಮೊದಲು ಏನು ಉತ್ತರ ಬರಬೇಕು ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಬಂದ ಉತ್ತರ ನೋಡಿ ಆಮೇಲೆ 'ಇದೇ ಸರಿ' ಅನ್ನಿಸಿಬಿಡುವ ಚಪಲ ಎಲ್ಲರಿಗೂ ಇರುತ್ತದೆ ಎಂಬುದು ಅವಳ ಅನುಭವ. 2017ರಲ್ಲಿ ಹೀಗೆ ಬರೆದಿಟ್ಟಿದ್ದರಿಂದಲೇ ಒಂದು ತಪ್ಪು ಸಿಕ್ಕಿತು: ಫೆಬ್ರವರಿ ಇಪ್ಪತ್ತೊಂಬತ್ತರಂದು ಹುಟ್ಟಿದ ಗ್ರಾಹಕರಿಗೆ ಅಧಿಕ ವರ್ಷ ಅಲ್ಲದಿದ್ದಾಗ ನವೀಕರಣದ ಪತ್ರ ಹೋಗುತ್ತಲೇ ಇರಲಿಲ್ಲ. ಉಳಿದವರೆಲ್ಲ ಆ ಪರೀಕ್ಷೆಗೆ ಸರಿ ಗುರುತು ಹಾಕಿದ್ದರು.

ಕೆಲಸ ಹೋದ ಮೂರನೆಯ ದಿನ ದಪ್ಪ ಲಕೋಟೆ ಬಂತು. ಅದರಲ್ಲಿ ಪರಿಹಾರದ ಹಣ ಸಿಗಲು ಸಹಿ ಹಾಕಬೇಕಾದ ಒಪ್ಪಂದವೂ ಒಂದು ಪಟ್ಟಿಯೂ ಇದ್ದವು. ವಸಂತಾ ಊಟದ ಮೇಜಿನ ಮೇಲೆ ಅದನ್ನು ಹರಡಿದಳು. ಗಂಡ ತ್ಯಾಗರಾಜ ಎದುರು ಕೂತ.

"ಹೆಸರಿಲ್ಲ ರೀ. ಹುದ್ದೆ, ವಯಸ್ಸು ಅಷ್ಟೇ."

"ಅದ್ಯಾಕೆ ಕಳಿಸ್ತಾರೆ?"

"ಲಾ ಹಾಗಿದೆಯಂತೆ. ಗುಂಪಾಗಿ ತೆಗೆದು, ಕೇಸ್ ಹಾಕಲ್ಲ ಅಂತ ಸಹಿ ಕೇಳೋದಾದ್ರೆ, ಯಾವ ವಯಸ್ಸಿನೋರನ್ನ ತೆಗೆದ್ರು, ಯಾವ ವಯಸ್ಸಿನೋರನ್ನ ಇಟ್ಕೊಂಡ್ರು ಅಂತ ಹೇಳ್ಬೇಕಂತೆ. ಯೋಚ್ನೆ ಮಾಡೋಕೆ ನಲವತ್ತೈದು ದಿನ ಕೊಡ್ತಾರೆ."

ವಿಭಾಗದಲ್ಲಿ ಇಪ್ಪತ್ತಮೂರು ಜನ. ತೆಗೆದದ್ದು ಒಂಬತ್ತು ಜನರನ್ನು. ಅವರ ವಯಸ್ಸು 56, 61, 55, 59, 48, 63, 52, 34, 58. ವಸಂತಾ ಸರಾಸರಿ ತೆಗೆದಳು: ಸರಿಯಾಗಿ ಐವತ್ತನಾಲ್ಕು. ಉಳಿದ ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ದೊಡ್ಡವರ ವಯಸ್ಸು ನಲವತ್ತಾರು. ಹೆಸರಿಲ್ಲದಿದ್ದರೂ ಅವಳಿಗೆ ಪ್ರತಿಯೊಬ್ಬರ ಮುಖ ಗೊತ್ತಾಯಿತು. 63 ಎಂದರೆ ಕಾಫಿ ಯಂತ್ರದ ಹತ್ತಿರ ಮೊಮ್ಮಗನ ಫೋಟೊ ತೋರಿಸುತ್ತಿದ್ದ ಗ್ಲೆನ್. 56 ಎಂದರೆ ಅವಳು.

"ಮಧ್ಯದಲ್ಲಿ ಒಂದು ಮೂವತ್ನಾಲ್ಕು ಇದೆಯಲ್ಲ, ಅದ್ಯಾರು?" ಎಂದು ಕೇಳಿದ ತ್ಯಾಗರಾಜ.

"ಪಾಪ, ಅವನು ದೃಷ್ಟಿಬೊಟ್ಟು."

ಇಬ್ಬರೂ ನಕ್ಕರು. ಆ ವಾರ ಅವರು ನಕ್ಕದ್ದು ಅದೊಂದೇ ಸಲ.

ಒಬ್ಬ ವಕೀಲೆಯನ್ನೂ ಕೇಳಿದ್ದಾಯಿತು. ಇದು ಅನುಮಾನಪಡಲು ಸಾಕು, ಗೆಲ್ಲಲು ಸಾಕೋ ಇಲ್ಲವೋ ಹೇಳಲಾರೆ, ಮೂರು ವರ್ಷ ಹಿಡಿಯಬಹುದು, ಅಷ್ಟು ದಿನ ಕಾಯಲು ನಿಮ್ಮಿಂದ ಆಗುತ್ತದೆಯೇ ಎಂದು ಅವರು ಕೇಳಿದರು. ವಸಂತಾ ನಲವತ್ತಮೂರನೆಯ ದಿನ ಸಹಿ ಹಾಕಿದಳು.

ಕಾಯಲು ಆಗದಿದ್ದದ್ದಕ್ಕೆ ಕಾರಣ ತ್ಯಾಗರಾಜ. ಅವನು ರಸ್ತೆ ಕಾಮಗಾರಿಗಳ ತಪಾಸಣೆ ಮಾಡುವ ಸಿವಿಲ್ ಎಂಜಿನಿಯರ್. 2021ರಲ್ಲಿ ಒಂದು ಸೈಟಿನಲ್ಲಿ ನಿಂತಲ್ಲೇ ಮೂರ್ಛೆ ಬಂದು ಬಿದ್ದ. ಆಮೇಲೆ ತಿಂಗಳಿಗೆರಡು ಸಲ ಬರತೊಡಗಿತು. ಕಾರು ಓಡಿಸುವಂತಿಲ್ಲ, ಕಾರಿಲ್ಲದೆ ಆ ಕೆಲಸವಿಲ್ಲ, ಬಿಟ್ಟ. ಇಬ್ಬರು ವೈದ್ಯರ ಕೈಯಲ್ಲಿ ಸರಿಹೋಗದ್ದು ಮೂರನೆಯವರ ಕೈಯಲ್ಲಿ ಹಿಡಿತಕ್ಕೆ ಬಂತು. ಡಾಕ್ಟರ್ ಮೆಯರ್ ಎಂಬ ಆ ನರತಜ್ಞೆ ಎರಡು ಔಷಧಿಗಳ ಪ್ರಮಾಣವನ್ನು ಹದಿಮೂರು ತಿಂಗಳು ಸ್ವಲ್ಪಸ್ವಲ್ಪವೇ ಬದಲಿಸಿ, ಕೊನೆಗೆ ಮೂರ್ಛೆ ನಿಲ್ಲುವ ಹಂತಕ್ಕೆ ತಂದಿದ್ದರು. ಅವರ ಕ್ಲಿನಿಕ್ ತೆಗೆದುಕೊಳ್ಳುತ್ತಿದ್ದುದು ವಸಂತಾಳ ಕಂಪನಿಯ ವಿಮೆಯನ್ನು. ಕೆಲಸ ಹೋದರೂ ಪೂರ್ತಿ ಕಂತು ತಾವೇ ಕಟ್ಟಿ ಹದಿನೆಂಟು ತಿಂಗಳು ಅದೇ ವಿಮೆ ಇಟ್ಟುಕೊಳ್ಳಬಹುದು. ಅಂದರೆ 2024ರ ಆಗಸ್ಟ್ ಮೂವತ್ತೊಂದರವರೆಗೆ. ಹೊರಗೆ ಕೊಳ್ಳಬಹುದಾದ ಬೇರೆ ವಿಮೆಗಳಿದ್ದವು. ಅವುಗಳಲ್ಲಿ ಒಂದನ್ನೂ ಮೆಯರ್ ಅವರ ಕ್ಲಿನಿಕ್ ತೆಗೆದುಕೊಳ್ಳುತ್ತಿರಲಿಲ್ಲ. ವಸಂತಾ ಆರು ವಿಮೆಗಳ ಬಗ್ಗೆ ಫೋನ್ ಮಾಡಿ ವಿಚಾರಿಸಿದ್ದಳು. ಸರ್ಕಾರದ ವೃದ್ಧರ ವಿಮೆಗೆ ತ್ಯಾಗರಾಜನಿಗೆ ಇನ್ನೂ ಮೂರು ವರ್ಷ ಚಿಕ್ಕ ವಯಸ್ಸು. ಕೆಲಸಕ್ಕೆ ತಾನು ದೊಡ್ಡವಳು, ವಿಮೆಗೆ ಅವರು ಚಿಕ್ಕವರು ಎಂದು ಅವಳು ಒಂದು ದಿನ ಅವನಿಗೆ ಹೇಳಿದಳು.

ಹಾಗಾಗಿ ಒಂದು ಕೆಲಸ ಬೇಕಿತ್ತು, ಹದಿನೆಂಟು ತಿಂಗಳ ಒಳಗೆ.

ಮಗಳು ನಿಧಿ ವಾಷಿಂಗ್ಟನ್ ಹತ್ತಿರದ ಸೆಂಟರ್‌ವಿಲ್‌ನಲ್ಲಿದ್ದಳು. ಕಂಪನಿಗಳ ಸಿಬ್ಬಂದಿಗೆ ತರಬೇತಿ ಪಾಠ ತಯಾರಿಸುವ ಒಂದು ಸಂಸ್ಥೆಯಲ್ಲಿ ಅವಳ ಕೆಲಸ. ಅಮ್ಮನ ರೆಸ್ಯೂಮೆ ನೋಡಿ ಅವಳೇ ಫೋನ್ ಮಾಡಿದಳು.

"ಅಮ್ಮ, ನೈಂಟೀನ್ ಎಯ್ಟಿ ನೈನ್ ಯಾಕೆ ಹಾಕಿದೀಯ? ತೆಗಿ ಅದು."

"ಅದು ನಾನು ಎಂ.ಎಸ್ಸಿ. ಮಾಡಿದ ಇಸವಿ ಕಣೆ. ರ‍್ಯಾಂಕ್ ಬಂದಿತ್ತು."

"ದೇ ವಿಲ್ ಡೂ ದ ಮ್ಯಾಥ್."

"ಮಾಡ್ಲಿ. ಸರಿಯಾಗೇ ಬರುತ್ತೆ."

"ಅಮ್ಮ, ದಟ್ಸ್ ದ ಪ್ರಾಬ್ಲಮ್." ನಿಧಿ ಹೇಳಿದಳು: "ನಮ್ ಕಂಪನಿಲಿ ಏಜ್ ಇನ್‌ಕ್ಲೂಷನ್ ಅಂತ ಒಂದು ಹೋಲ್ ಮಾಡ್ಯೂಲ್ ಇದೆ. ನಾನೇ ಸ್ಲೈಡ್ಸ್ ಮಾಡಿದ್ದು. ವಯಸ್ಸು ಕೇಳ್ಬಾರ್ದು, ಎನರ್ಜಿ ಅನ್ನೋ ವರ್ಡ್ ಹೇಳ್ಬಾರ್ದು, ಲೈಕ್, ಎಲ್ಲಾ ಇದೆ."

"ಒಳ್ಳೇದು ಪುಟ್ಟಿ. ಅದನ್ನ ಮಾಡಿದ ಟೀಮಲ್ಲಿ ಐವತ್ತು ದಾಟಿದೋರು ಎಷ್ಟು ಜನ?"



"ಫೋಟೋದಲ್ಲಿ ಒಬ್ಬರು ಇದಾರೆ," ಎಂದಳು ನಿಧಿ. "ಸ್ಟಾಕ್ ಫೋಟೋ. ಇಂಟರ್ನೆಟ್ಟಲ್ಲಿ ಕೊಂಡಿದ್ದು."

ವಸಂತಾ ಇಸವಿ ತೆಗೆದಳು. ಮೈಸೂರಿನ ಕಾಲೇಜು ತೆಗೆದಳು. ಕೂದಲಿಗೆ ಬಣ್ಣ ಹಾಕಿದಳು. ಮೊದಲ ಸಲ ಹಣೆಯ ಅಂಚಿಗೆಲ್ಲ ಹತ್ತಿ, ತ್ಯಾಗರಾಜ ನೋಡಿ, "ಹೆಲ್ಮೆಟ್ ಚೆನ್ನಾಗಿದೆ," ಎಂದ. ಅರ್ಜಿಗಳಿಗೊಂದು ಕೋಷ್ಟಕ ಮಾಡಿದಳು. 2024ರ ಮಾರ್ಚ್ ಕೊನೆಯ ಹೊತ್ತಿಗೆ ಅದರಲ್ಲಿ ಇನ್ನೂರ ಹನ್ನೆರಡು ಸಾಲುಗಳಿದ್ದವು. ಉತ್ತರ ಬಂದದ್ದು ಮೂವತ್ತೊಂದಕ್ಕೆ, ಫೋನ್ ಬಂದದ್ದು ಒಂಬತ್ತು, ವೀಡಿಯೊ ಸಂದರ್ಶನ ನಾಲ್ಕು. ಫೋನಿನಲ್ಲಿ ಚೆನ್ನಾಗಿ ಹೋದದ್ದು ವೀಡಿಯೊದಲ್ಲಿ ಮುಖ ಕಂಡ ಕೂಡಲೇ ನಿಧಾನವಾಗುತ್ತಿತ್ತು. ಒಬ್ಬಳು, ಇದು ತುಂಬ ವೇಗದ ಜಾಗ ಎಂದು ಮೂರು ಸಲ ಹೇಳಿದಳು. ಒಬ್ಬ, ನಿಮ್ಮ ಅನುಭವಕ್ಕೆ ಈ ಕೆಲಸ ಚಿಕ್ಕದಾಯಿತು, ಬೇಜಾರಾಗುತ್ತದೆ ಎಂದ. ತನಗೆ ಬೇಜಾರಾಗುವುದಿಲ್ಲ ಎಂದು ಅವಳು ಹೇಳಿದ್ದನ್ನು ಅವನು ಬರೆದುಕೊಳ್ಳಲಿಲ್ಲ.

ಭಾನುವಾರಗಳಂದು ದೇವಸ್ಥಾನದ ಕೆಳಗಿನ ಹಾಲಿನಲ್ಲಿ ವಸಂತಾ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಹನ್ನೊಂದು ಮಕ್ಕಳು. ಅವರಲ್ಲೊಬ್ಬಳ ಅಪ್ಪ ಶಶಾಂಕ್, ಬೆಂಗಳೂರಿನವನು, ಮೂವತ್ತಾರು ವಯಸ್ಸು, ಬ್ಯಾಲಂಟೈನ್‌ನಲ್ಲಿರುವ ಒಂದು ವಿಮಾ ಕಂಪನಿಯಲ್ಲಿ ಟೆಸ್ಟಿಂಗ್ ತಂಡದ ಲೀಡ್. ಒಂದು ಭಾನುವಾರ ಪಾರ್ಕಿಂಗ್ ಲಾಟಿನಲ್ಲಿ ಅವಳ ಹಿಂದೆಯೇ ಓಡಿಬಂದ.

"ಆಂಟಿ, ಜಾಬ್ ಹುಡುಕ್ತಿದೀರಂತೆ? ರಚನಾ ಈಗ ಹೇಳಿದ್ಲು. ನನ್ ಹತ್ರ ಒಂದ್ ಮಾತು ಹೇಳ್ಬಾರ್ದಾ? ನಮ್ ಟೀಮಲ್ಲೇ ಓಪನಿಂಗ್ ಇದೆ. ಸೀನಿಯರ್ ಟೆಸ್ಟರ್."

ರಚನಾ ಅವನ ಹೆಂಡತಿ. ಮೂರು ತಿಂಗಳ ಹಿಂದೆ ಅವಳಿಗೆ ಎರಡನೆಯ ಮಗು ಆಗಿತ್ತು.

ಆ ಕೆಲಸದ ವಿವರಣೆ ಓದಿ ವಸಂತಾ ಎದ್ದು ನೀರು ಕುಡಿದು ಬಂದು ಮತ್ತೊಮ್ಮೆ ಓದಿದಳು. ಗ್ರಾಹಕರಿಗೆ ಹೋಗುವ ಪತ್ರಗಳು, ಅವುಗಳ ದಿನಾಂಕ, ನವೀಕರಣ. ಅವಳು ಹದಿನೈದು ವರ್ಷ ಮಾಡಿದ್ದೇ ಅದು. ವಿಮೆ ಸೇರಿದ ದಿನದಿಂದಲೇ ಲಾಗು, ಮತ್ತು ಆ ವಿಮೆಯನ್ನು ಮೆಯರ್ ಅವರ ಕ್ಲಿನಿಕ್ ತೆಗೆದುಕೊಳ್ಳುತ್ತಿತ್ತು. ಅದನ್ನೂ ಅವಳು ಫೋನ್ ಮಾಡಿ ಖಚಿತಪಡಿಸಿಕೊಂಡಳು.

ಎರಡು ವಾರ ತಯಾರಿ ನಡೆಯಿತು. ಕೇಳಬಹುದಾದ ಅರವತ್ತನಾಲ್ಕು ಪ್ರಶ್ನೆಗಳನ್ನು ಬರೆದಳು. ತ್ಯಾಗರಾಜ ಕನ್ನಡಕ ಏರಿಸಿ, ಸಂದರ್ಶಕನಾಗಿ ಒಂದೊಂದೇ ಓದಿದ.

"ಟೆಲ್ ಮಿ ಎಬೌಟ್ ಎ ಟೈಮ್ ಯು ಮೇಡ್ ಎ ಮಿಸ್ಟೇಕ್."

"ನಿಮ್ಮನ್ನ ಮದುವೆ ಆದಾಗ."

"ಎಕ್ಸಾಂಪಲ್ ಸಮೇತ ಹೇಳ್ಬೇಕು."

"ಎಷ್ಟು ಬೇಕು?"

ಮೊದಲ ಸುತ್ತು ಡಾನಾ ಎಂಬ ಮ್ಯಾನೇಜರ್ ಜೊತೆ, ಅರ್ಧ ಗಂಟೆ. ಚೆನ್ನಾಗಿ ಆಯಿತು. ಡಾನಾ ಎರಡು ಕಡೆ ತಲೆಯೆತ್ತಿ ನಕ್ಕಳು, ಮತ್ತು ಮರುದಿನವೇ ಎರಡನೆಯ ಸುತ್ತಿಗೆ ದಿನ ಗೊತ್ತುಮಾಡಿದಳು. ಎರಡನೆಯದು ತಾಂತ್ರಿಕ ಸುತ್ತು, ನಲವತ್ತೈದು ನಿಮಿಷ, ಶಶಾಂಕ್ ಒಬ್ಬನೇ. ಪರಿಚಯವಿದೆ ಎಂದು ಅವನು ಕಂಪನಿಗೆ ಮೊದಲೇ ತಿಳಿಸಿದ್ದ. ಬೇರೆ ಯಾರೂ ಆ ವಾರ ಬಿಡುವಾಗಿರಲಿಲ್ಲವಾದ್ದರಿಂದ ಪರವಾಗಿಲ್ಲ ಎಂದಿದ್ದರು.

ಏಪ್ರಿಲ್ ಹನ್ನೆರಡು, ಮಧ್ಯಾಹ್ನ ಎರಡು ಗಂಟೆ. ವಸಂತಾ ಮೇಜಿನ ಮೇಲೆ ತನ್ನ ಟಿಪ್ಪಣಿ ಇಟ್ಟುಕೊಂಡು, ದೀಪವನ್ನು ಮುಖಕ್ಕೆ ನೇರ ಮಾಡಿಕೊಂಡು ಕೂತಳು. ತೆರೆಯ ಮೇಲೆ ಶಶಾಂಕ್ ಬಂದ.

"ನಮಸ್ಕಾರ ಆಂಟಿ! ಅಂಕಲ್ ಹೇಗಿದಾರೆ?"

"ಚೆನ್ನಾಗಿದಾರಪ್ಪ. ಶುರು ಮಾಡು."

"ಆಂಟಿ, ನನಗೆ ತುಂಬಾ ಆಕ್ವರ್ಡ್ ಆಗ್ತಿದೆ. ನಿಮ್ಮನ್ನ ನಾನು ಟೆಸ್ಟ್ ಮಾಡೋದಾ? ನನ್ ಮಗಳಿಗೆ ಅ ಆ ಇ ಈ ಕಲಿಸಿದೋರು ನೀವು."

"ಅದು ಭಾನುವಾರ. ಇವತ್ತು ಶುಕ್ರವಾರ. ಕೇಳು."

ಅವನು ನಕ್ಕ. ಹಾಳೆ ನೋಡಿ, ಟೆಸ್ಟ್ ಪ್ಲಾನ್ ಎಂದರೇನು ಎಂದು ಕೇಳಿದ. ಅದು ಹೊಸದಾಗಿ ಕಾಲೇಜು ಮುಗಿಸಿದವರನ್ನು ಕೇಳುವ ಪ್ರಶ್ನೆ. ವಸಂತಾ ನಾಲ್ಕು ವಾಕ್ಯದಲ್ಲಿ ಉತ್ತರ ಹೇಳಿದಳು, ಐದನೆಯದಕ್ಕೆ ಒಂದು ಉದಾಹರಣೆ ಶುರುಮಾಡಿದಳು.

"ಸಾಕು ಸಾಕು ಆಂಟಿ, ಇದೆಲ್ಲಾ ನಿಮಗೆ ಗೊತ್ತಿಲ್ದೇ ಇರುತ್ತಾ? ನೀವು ಬ್ಯಾಂಕಲ್ಲಿ ಫಿಫ್ಟೀನ್ ಇಯರ್ಸ್ ಮಾಡಿದೀರ. ನಿಮ್ಮನ್ನ ಕೂರಿಸ್ಕೊಂಡು ನಾನು ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಅಂತ ಕೇಳಿದ್ರೆ, ನಮ್ಮಮ್ಮನಿಗೆ ಗೊತ್ತಾದ್ರೆ ಚಪ್ಪಲಿ ತಗೋತಾರೆ."

"ಇರಲಿ, ಕೇಳಪ್ಪ. ಕೇಳ್ಬೇಕು ನೀನು."

"ಕೇಳ್ತೀನಿ ಆಂಟಿ," ಎಂದ ಶಶಾಂಕ್. ಆದರೆ ಕೇಳಿದ್ದು ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳ ನಾಟಕ ಯಾರು ಬರೆದದ್ದು ಎಂದು. ಅಲ್ಲಿಂದ ಮಾತು ಅವನ ಮಗಳು ಮನೆಯಲ್ಲಿ ಇಂಗ್ಲಿಷೇ ಮಾತಾಡುವುದಕ್ಕೆ ಹೋಯಿತು, ಅವನ ಅಮ್ಮನ ಮಂಡಿನೋವಿಗೆ ಹೋಯಿತು. ವಸಂತಾ ಗಡಿಯಾರ ನೋಡಿದಳು. ಎರಡು ಗಂಟೆ ಹದಿನೆಂಟು ನಿಮಿಷ. ಇನ್ನೊಮ್ಮೆ ಹೇಳಬೇಕು ಅಂದುಕೊಂಡಳು. ಹೇಳಿದರೆ ಅವನ ಮರ್ಯಾದೆಯನ್ನು ತಳ್ಳಿದಂತಾಗುತ್ತದೆ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. ಹದಿನಾಲ್ಕು ತಿಂಗಳಲ್ಲಿ ಅವಳಿಗೆ ಎಲ್ಲ ಗೊತ್ತಿದೆ ಎಂದು ಒಪ್ಪಿಕೊಂಡ ಮೊದಲನೆಯವನು ಇವನು. ಆ ಮಾತು ಕಿವಿಗೆ ಹಿತವಾಗಿತ್ತು. ಎರಡೂ ಇಪ್ಪತ್ತಕ್ಕೆ ಕರೆ ಮುಗಿಯಿತು.

"ಆಯ್ತಾ ಇಷ್ಟು ಬೇಗ?" ಎಂದು ತ್ಯಾಗರಾಜ ಅಡುಗೆಮನೆಯಿಂದ ಕೇಳಿದ.

"ಆಯ್ತು. ತುಂಬ ಗೌರವ ಕೊಟ್ಟ."

ಅರವತ್ತನಾಲ್ಕರಲ್ಲಿ ಅರವತ್ತಮೂರು ಪ್ರಶ್ನೆಗಳು ಹಾಗೇ ಉಳಿದವು.

ಒಂಬತ್ತು ದಿನ ಕಳೆದ ಮೇಲೆ ಮೇಲ್ ಬಂತು. ನಿಮ್ಮ ಅನುಭವ ಮೆಚ್ಚುವಂಥದ್ದು, ಆದರೆ ತಂಡದ ಈಗಿನ ಅಗತ್ಯಕ್ಕೆ ಇನ್ನಷ್ಟು ಹತ್ತಿರವಿರುವ ಅಭ್ಯರ್ಥಿಯನ್ನು ಆರಿಸಿದ್ದೇವೆ. ವಸಂತಾ ಅದನ್ನು ಕೋಷ್ಟಕದಲ್ಲಿ ಸೇರಿಸಿದಳು. ಎರಡನೆಯ ಸುತ್ತು ದಾಟಿದರೆ ಏನು ಮಾಡಬೇಕೆಂದು ಹಿಂದಿನ ರಾತ್ರಿಯಷ್ಟೇ ಇಬ್ಬರೂ ಮಾತಾಡಿಕೊಂಡಿದ್ದರು.

ಮುಂದಿನ ಶನಿವಾರ ಶಶಾಂಕ್ ಮತ್ತು ರಚನಾ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ, ರಚನಾಳ ಹೆಗಲ ಮೇಲೆ ಮಗು ಅಮೃತ್. ಶಶಾಂಕ್ ಒಳಗೆ ಬಂದವನೇ ವಸಂತಾಳ ಕಾಲು ಮುಟ್ಟಿದ.

"ಏಯ್, ಇದೇನಪ್ಪಾ?"

"ಸಾರಿ ಆಂಟಿ. ನಂಗೆ ಎರಡು ದಿನದಿಂದ ನಿದ್ದೆ ಇಲ್ಲ."

ಕಾಫಿ ಆಯಿತು. ವಸಂತಾ ಕೇಳಿದಳು: "ನೀನು ಏನು ಬರೆದೆ, ಅದನ್ನ ಹೇಳು."

"ಒಳ್ಳೇದೇ ಬರೆದೆ ಆಂಟಿ. ಗಾಡ್ ಪ್ರಾಮಿಸ್."

"ಒಳ್ಳೇದೋ ಕೆಟ್ಟದ್ದೋ ನಾನು ನೋಡ್ಕೋತೀನಿ. ಬರೆದಿದ್ದು ಹೇಳು."

ಅವನು ಫೋನ್ ತೆಗೆದ. ಕಂಪನಿಯ ನಮೂನೆಯಲ್ಲಿ ಐದು ಅಂಶಗಳಿದ್ದವು. ಪ್ರತಿಯೊಂದಕ್ಕೂ ಒಂದರಿಂದ ಐದರ ಒಳಗೆ ಅಂಕ ಕೊಡಬೇಕು. ನಾಲ್ಕೋ ಐದೋ ಕೊಟ್ಟರೆ ಅಭ್ಯರ್ಥಿ ಹೇಳಿದ ಉದಾಹರಣೆಯೊಂದನ್ನು ಕೆಳಗೆ ಬರೆಯಲೇಬೇಕು. ಇಲ್ಲದಿದ್ದರೆ ನಮೂನೆ ಮುಂದೆ ಹೋಗುವುದಿಲ್ಲ. ಶಶಾಂಕ್ ಬಳಿ ಉದಾಹರಣೆ ಒಂದೂ ಇರಲಿಲ್ಲ. ಸುಳ್ಳು ಬರೆಯುವ ಹುಡುಗ ಅವನಲ್ಲ. ಐದಕ್ಕೂ ಮೂರು ಹಾಕಿ, ಕೆಳಗಿನ ದೊಡ್ಡ ಚೌಕದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬರೆದ. ಇಂಗ್ಲಿಷಿನಲ್ಲಿ ಅವನು ಬರೆದದ್ದರ ಕನ್ನಡ ಇಷ್ಟು: 'ತುಂಬ ಹಿರಿಯರು. ನಮ್ಮ ಸಮುದಾಯದಲ್ಲಿ ಎಲ್ಲರೂ ಗೌರವಿಸುವ ವ್ಯಕ್ತಿ. ಇಂಥವರಿಗೆ ದಿನದಿನದ ಕೆಲಸ ಹಂಚಲು ನನಗೇ ಸಂಕೋಚವಾದೀತು. ತಾಂತ್ರಿಕ ವಿಷಯಗಳನ್ನು ಆಳವಾಗಿ ಮಾತಾಡಲು ಆಗಲಿಲ್ಲ.'

ವಸಂತಾ ಫೋನನ್ನು ಕೈಗೆ ತೆಗೆದುಕೊಂಡು ತಾನೇ ಓದಿದಳು. ನಾಲ್ಕು ವಾಕ್ಯ. ಒಂದೊಂದನ್ನೂ ಎರಡೆರಡು ಸಲ ಓದಿದಳು.

"ಇದರಲ್ಲಿ ಒಂದೂ ಸುಳ್ಳಿಲ್ಲ," ಎಂದಳು.

"ಬರೀವಾಗ ನಂಗೆ ಕಾಂಪ್ಲಿಮೆಂಟ್ ಅನ್ನಿಸಿತ್ತು ಆಂಟಿ. ಮೀಟಿಂಗಲ್ಲಿ ಡಾನಾ ಓದಿದ್ರು. 'ನಿನಗೇ ಕೆಲಸ ಹೇಳೋಕೆ ಆಗಲ್ಲ ಅಂದ್ರೆ ಆಕೆ ಟೀಮಲ್ಲಿ ಹೇಗಿರ್ತಾರೆ' ಅಂದ್ರು. ನಾನು, ನೋ ನೋ, ಶೀ ಈಸ್ ವೆರಿ ನಾಲೆಡ್ಜಬಲ್ ಅಂದೆ. 'ಹಾಗಾದ್ರೆ ಎಲ್ಲಾ ಮೂರು ಯಾಕೆ' ಅಂದ್ರು. ಏನ್ ಹೇಳ್ಲಿ?"

"ಎರಡು ತಿಂಗಳ ಹಿಂದೆ ಇವರಿಗೆ ಅದೇನೋ ಟ್ರೈನಿಂಗ್ ಕೊಟ್ಟಿದ್ರು ಆಂಟಿ, ವಯಸ್ಸಿನ ಬಯಸ್ ಬಗ್ಗೆ," ಎಂದಳು ರಚನಾ. ಗಂಡನ ಮೇಲಿನ ಸಿಟ್ಟು ದನಿಯಲ್ಲಿ ಕೇಳಿಸುತ್ತಿತ್ತು. "ಹಂಡ್ರೆಡ್ ಪರ್ಸೆಂಟ್ ತಗೊಂಡ್ರು. ಸರ್ಟಿಫಿಕೇಟ್ ನಂಗೂ ತೋರಿಸಿದ್ರು."

"ಅದು ಬೇರೆ ಕಣೆ, ಅದು ಡಿಸ್‌ಕ್ರಿಮಿನೇಷನ್ ಬಗ್ಗೆ," ಎಂದ ಶಶಾಂಕ್. ಹೇಳಿದ ಮೇಲೆ ತಲೆ ತಗ್ಗಿಸಿದ.

"ಯಾರಿಗೆ ಸಿಕ್ತು?" ಎಂದು ಕೇಳಿದವನು ತ್ಯಾಗರಾಜ.

"ರಾಲಿ ಊರಿನ ಹುಡುಗ ಅಂಕಲ್. ಟ್ವೆಂಟಿ ಎಯ್ಟ್ ಇರ್ಬೋದು."

"ಅವನನ್ನ ಏನೇನು ಕೇಳಿದೆ?" ಎಂದಳು ವಸಂತಾ.

ಶಶಾಂಕ್‌ನ ಮುಖ ಸ್ವಲ್ಪ ಬಿಚ್ಚಿಕೊಂಡಿತು. ಅದು ಅವನಿಗೆ ಇಷ್ಟದ ವಿಷಯ. "ಅವನನ್ನ ಫುಲ್ ನಲವತ್ತೈದು ನಿಮಿಷ ಅರೆದುಬಿಟ್ಟೆ ಆಂಟಿ. ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಹುಟ್ಟಿದೋರಿಗೆ ರಿನ್ಯೂವಲ್ ಲೆಟರ್ ಯಾವತ್ತು ಹೋಗ್ಬೇಕು, ಹೇಗೆ ಟೆಸ್ಟ್ ಮಾಡ್ತೀಯ ಅಂತ ಕೇಳ್ದೆ. ಬೆವೆತುಹೋದ. ಮೊದಲು ತಪ್ಪು ಹೇಳ್ದ. ನಾನು ಬಿಡ್ಲಿಲ್ಲ. ಆಮೇಲೆ ಅವನೇ ಸರಿ ಮಾಡ್ಕೊಂಡ. ಅದನ್ನೇ ಎಕ್ಸಾಂಪಲ್ ಅಂತ ಬರೆದು ನಾಲ್ಕು ಕೊಟ್ಟೆ."

ತ್ಯಾಗರಾಜ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಅಲ್ಲಯ್ಯಾ, ಅದನ್ನ ಇವಳು ಎರಡು ಸಾವಿರದ ಹದಿನೇಳರಲ್ಲೇ..."

"ಬಿಡಿ ರೀ," ಎಂದಳು ವಸಂತಾ.

ಮಗು ಅಳತೊಡಗಿತು. ರಚನಾ ಎದ್ದು ಓಡಾಡಿದಳು. ಅಳು ನಿಲ್ಲಲಿಲ್ಲ. ವಸಂತಾ ಕೈಚಾಚಿ ತೆಗೆದುಕೊಂಡಳು, ಬೆನ್ನಿನ ಮೇಲೆ ಎರಡು ಸಲ ತಟ್ಟಿದಳು. ಮಗು ತೇಗಿ ಸುಮ್ಮನಾಯಿತು.

"ನಂದೂ ತಪ್ಪಿದೆ," ಎಂದಳು ಅವಳು, ಮಗುವನ್ನು ನೋಡುತ್ತಲೇ. "ಎರಡು ಸಲ ಕೇಳು ಅಂದೆ. ಮೂರನೇ ಸಲ ಅನ್ನಲಿಲ್ಲ."

"ಮತ್ತೆ ಒಂದು ಚಾನ್ಸ್ ಕೇಳ್ಲಾ ಆಂಟಿ? ನಾನು ಡಾನಾ ಹತ್ರ..."

"ಅವನು ಸೇರಿದ್ನಾ?"

"ಮಂಡೇ ಸೇರ್ತಾನೆ."

"ಮತ್ತೆ ಏನು ಕೇಳ್ತೀಯ?"

ಮೇ, ಜೂನ್, ಜುಲೈಯಲ್ಲಿ ಕೋಷ್ಟಕಕ್ಕೆ ಇನ್ನೂ ನಲವತ್ತು ಸಾಲುಗಳು ಸೇರಿದವು. ಕೆಲಸವಿಲ್ಲದ ಅವಧಿ ಒಂದೂವರೆ ವರ್ಷದ ಹತ್ತಿರ ಬಂದಂತೆ ಫೋನುಗಳು ನಿಂತವು. ವಯಸ್ಸಿನ ಜೊತೆ ಈಗ ಆ ಅಂತರವೂ ಎದ್ದು ಕಾಣುತ್ತಿತ್ತು, ಮತ್ತು ಅದನ್ನು ಮುಚ್ಚಲು ಬಣ್ಣವಿರಲಿಲ್ಲ. ಜುಲೈನಲ್ಲಿ ಅವಳಿಗೆ ಐವತ್ತೆಂಟಾಯಿತು. ನಿಧಿ ಬಂದು ಕೇಕ್ ಮಾಡಿದಳು, ಮೇಣದ ಬತ್ತಿ ಒಂದನ್ನೇ ಇಟ್ಟಳು.

ಆಗಸ್ಟ್ ಎರಡನೆಯ ವಾರ ರಚನಾ ಫೋನ್ ಮಾಡಿದಳು. ತುಂಬ ಸುತ್ತಿ ಬಳಸಿ ಮಾತಾಡಿದಳು. ಸಂಬಳವಿಲ್ಲದೆ ಮುಂದುವರಿಸಿದ್ದ ಅವಳ ಹೆರಿಗೆ ರಜೆ ಮುಗಿಯುತ್ತಿತ್ತು, ಡೇಕೇರಿನ ಕಾಯುವ ಪಟ್ಟಿಯಲ್ಲಿ ಎಂಟು ತಿಂಗಳು ಇತ್ತು.

"ತಪ್ಪು ತಿಳ್ಕೋಬೇಡಿ ಆಂಟಿ. ನಿಮ್ಮನ್ನ ಕೇಳೋಕೇ ನಾಚಿಕೆ ಆಗ್ತಿದೆ. ಅಮೃತ್‌ನ ನೀವು ನೋಡ್ಕೊಂಡ್ರೆ... ಎಷ್ಟು ಅಂತ ನೀವೇ ಹೇಳಿ, ನಾನು ಎದುರು ಮಾತಾಡಲ್ಲ. ನಿಮಗಿಂತ ಟ್ರಸ್ಟ್ ಮಾಡೋರು ನಮಗೆ ಯಾರಿದಾರೆ?"

ನಾಳೆ ಹೇಳುತ್ತೇನೆ ಎಂದಳು ವಸಂತಾ. ರಾತ್ರಿಯ ಊಟ ಮುಗಿಸಿದ ಮೇಲೆ ತ್ಯಾಗರಾಜನಿಗೆ ಹೇಳಿದಳು. ಅವನು ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತ.

"ಆ ಮನೆಗೇ ಹೋಗ್ಬೇಕಾ?" ಎಂದ.

"ಬೇರೆ ಯಾರೂ ಕರೀಲಿಲ್ಲ ರೀ."

ಆಗಸ್ಟ್ ಇಪ್ಪತ್ತೆಂಟಕ್ಕೆ ಡಾಕ್ಟರ್ ಮೆಯರ್ ಜೊತೆ ಕೊನೆಯ ಭೇಟಿ. ಅವರು ನಾಲ್ಕು ಪುಟದ ಪತ್ರ ಬರೆದುಕೊಟ್ಟರು, ಮುಂದಿನ ವೈದ್ಯರಿಗೆ: ಯಾವ ಔಷಧಿ ಯಾವ ಪ್ರಮಾಣಕ್ಕೆ ಯಾವ ತಿಂಗಳು ಬಂತು, ಯಾವುದನ್ನು ಯಾಕೆ ಬಿಟ್ಟದ್ದು. ಎರಡು ಔಷಧಿಗಳಲ್ಲಿ ಒಂದು, ಸೆಪ್ಟೆಂಬರಿನಿಂದ ಶುರುವಾಗುವಂತೆ ವಸಂತಾ ಹೊರಗೆ ಕೊಂಡಿದ್ದ ಹೊಸ ವಿಮೆಯ ಪಟ್ಟಿಯಲ್ಲಿರಲಿಲ್ಲ. ಅದನ್ನು ಬದಲಿಸದಿರುವಂತೆ ಕೊನೆಯ ಪುಟದಲ್ಲಿ ಎರಡು ಗೆರೆ ಎಳೆದು ಬರೆದಿದ್ದರು. ಹೊಸ ವಿಮೆ ತೆಗೆದುಕೊಳ್ಳುವ ನರತಜ್ಞರ ಬಳಿ ಸಿಕ್ಕ ಮೊದಲ ದಿನಾಂಕ ಫೆಬ್ರವರಿ ಆರು. ಕೈಯಲ್ಲಿ ಉಳಿದ ಮಾತ್ರೆಗಳನ್ನು ವಸಂತಾ ಎಣಿಸಿದಳು. ನವೆಂಬರ್ ಕೊನೆಯವರೆಗೆ ಸಾಕಾಗುತ್ತಿತ್ತು.

ಸೆಪ್ಟೆಂಬರ್ ಮೂರು, ಮಂಗಳವಾರದಿಂದ ಅವಳು ಶಶಾಂಕ್ ಮನೆಗೆ ಹೋಗತೊಡಗಿದಳು. ರಚನಾ ಏಳೂ ಮುಕ್ಕಾಲಿಗೆ ಹೊರಡುತ್ತಾಳೆ. ಶಶಾಂಕ್ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾನೆ, ಹಜಾರದ ಆಚೆಯ ಕೋಣೆಯಲ್ಲಿ. ಕಾಫಿಗೆ ಹೊರಬಂದಾಗ ಅವಳನ್ನು ನೋಡಿ, ಹಿರಿಯರು ಬಂದಾಗ ಎದ್ದುನಿಂತವನ ಹಾಗೆ ನಿಲ್ಲುತ್ತಾನೆ.

"ಕಷ್ಟ ಆಗ್ತಿಲ್ಲ ತಾನೇ ಆಂಟಿ?"

"ಇಲ್ಲಪ್ಪ."

ಎರಡನೆಯ ವಾರದ ಬುಧವಾರ, ಹನ್ನೊಂದು ಗಂಟೆಯ ಹೊತ್ತಿಗೆ ಅಮೃತ್ ಅವಳ ತೊಡೆಯ ಮೇಲೆ ನಿದ್ದೆಗೆ ಜಾರಿದ. ಅವನನ್ನು ತೊಟ್ಟಿಲಿಗೆ ಹಾಕಿ ಪಕ್ಕದಲ್ಲಿ ಕೂತಳು. ಕೋಣೆಯಿಂದ ಶಶಾಂಕ್‌ನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅವನ ತಂಡದಲ್ಲಿ ಇನ್ನೊಂದು ಜಾಗ ಖಾಲಿಯಾಗಿದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಆ ಕಡೆ ಯಾರೋ ಹುಡುಗಿ. ಶಶಾಂಕ್ ಕೇಳುತ್ತಿದ್ದ: ಒಂದೇ ಟೆಸ್ಟ್ ಮೂರು ಸಲ ಪಾಸ್ ಆಗುತ್ತದೆ, ನಾಲ್ಕನೆಯ ಸಲ ಫೇಲ್ ಆಗುತ್ತದೆ, ಕೋಡ್ ಏನೂ ಬದಲಾಗಿಲ್ಲ. ಎಲ್ಲಿಂದ ಹುಡುಕಲು ಶುರುಮಾಡುತ್ತೀರಿ?

ಹುಡುಗಿ ಏನೋ ಹೇಳಿದಳು. ಅದು ಸರಿಯಲ್ಲ ಎಂದು ಶಶಾಂಕ್ ಹೇಳಿದ, ಗಟ್ಟಿಯಾಗಿ, ಖುಷಿಯಿಂದ. ಇನ್ನೊಮ್ಮೆ ಯೋಚಿಸಿ, ನಿಧಾನವಾಗಿ, ಸಮಯವಿದೆ ಎಂದ. ಅವನ ದನಿ ಏರುತ್ತಿತ್ತು. ತೊಟ್ಟಿಲಲ್ಲಿ ಅಮೃತ್ ಕಾಲು ಒದ್ದು ಮುಖ ಹಿಂಡಿದ. ಮಗು ಎದ್ದುಬಿಟ್ಟೀತೆಂದು ವಸಂತಾ ಎದ್ದು ಹೋಗಿ, ಸದ್ದಾಗದಂತೆ ಹಜಾರದ ಬಾಗಿಲು ಮುಚ್ಚಿ ಬಂದಳು.